ನಡುದಾರಿಯ ರಾತ್ರಿ: ವಿಮಾನ ಪ್ರಯಾಣಿಕರ ತಂಗುದಾಣಗಳ ಒಂದು ಚರಿತ್ರೆ

ಕಳೆದ ವರ್ಷ ಯುರೋಪಿನಲ್ಲಿ ನಡೆದ ಒಂದು ವಿಚಾರ ಸಂಕಿರಣ ಮುಗಿಸಿ ಬರುವಾಗ ನನ್ನ ಮೊದಲ ವಿಮಾನ ಎರಡೂವರೆ ಗಂಟೆ ತಡವಾಯಿತು. ಕೊಲ್ಲಿ ರಾಷ್ಟ್ರವೊಂದರ ನಿಲ್ದಾಣದಲ್ಲಿ ಇಳಿದಾಗ ಬೆಂಗಳೂರಿನ ವಿಮಾನ ಹೊರಟುಹೋಗಿತ್ತು. ಮುಂದಿನದು ಮರುದಿನ ಬೆಳಿಗ್ಗೆ. ವಿಚಾರಣೆಯ ಕೌಂಟರಿನ ಮುಂದೆ ಉದ್ದನೆಯ ಸಾಲು. ಅಲ್ಲಿ ನನ್ನ ಮುಂದೆ ನಿಂತವರು ಫೋನಿನಲ್ಲಿ ಕುಂದಾಪುರದ ಕಡೆಯ ಕನ್ನಡ ಮಾತಾಡುತ್ತಿದ್ದರು. ನಲವತ್ತೈದರ ಆಸುಪಾಸಿನವರು, ಕಟ್ಟಡಗಳಿಗೆ ಟೈಲ್ಸ್ ಹಾಕುವ ಕೆಲಸ, ಮೂರು ವರ್ಷದ ಮೇಲೆ ಊರಿಗೆ ಹೊರಟಿದ್ದರು. ಅವರ ಮಂಗಳೂರಿನ ವಿಮಾನವೂ ತಪ್ಪಿತ್ತು.

ಕೌಂಟರಿನ ಹುಡುಗಿ ನನ್ನ ಟಿಕೆಟು ನೋಡಿ ಹೋಟೆಲಿನ ಚೀಟಿ ಕೊಟ್ಟಳು. ಅವರಿಗೆ ಕೊಡಲಿಲ್ಲ. ನನ್ನ ಎರಡು ವಿಮಾನಗಳೂ ಒಂದೇ ಟಿಕೆಟ್ಟಿನಲ್ಲಿದ್ದವು. ಅವರ ಏಜೆಂಟು ಸ್ವಲ್ಪ ದುಡ್ಡು ಉಳಿಯಲೆಂದು ಎರಡು ಬೇರೆ ಬೇರೆ ಟಿಕೆಟು ಮಾಡಿಸಿದ್ದ. ಹಾಗಾಗಿ ನಿಯಮದ ಪ್ರಕಾರ ಅವರು 'ನಡುದಾರಿಯ ಪ್ರಯಾಣಿಕ'ರೇ ಅಲ್ಲ. ಒಂದು ಪ್ರಯಾಣ ಮುಗಿಸಿದವರು, ಇನ್ನೊಂದನ್ನು ತಾವೇ ತಪ್ಪಿಸಿಕೊಂಡವರು. ನಾನು ಏನೋ ವಾದಿಸಲು ಹೋದೆ. ಅವರೇ ತಡೆದರು: "ನಮ್ಗೆ ಇದೆಲ್ಲ ಅಭ್ಯಾಸ ಇತ್ತ್ ಮೇಡಂ."

ಹೋಟೆಲು ನಿಲ್ದಾಣದ ಒಳಗೇ ಇತ್ತು. ಕಿಟಕಿಯಿಲ್ಲದ ಕೋಣೆ, ಬಿಳಿ ಹಾಸಿಗೆ, ಗೋಡೆಯ ಮೇಲೆ ವಿಮಾನಗಳ ವೇಳಾಪಟ್ಟಿ ತೋರಿಸುವ ಟಿವಿ. ಬಳ್ಳಾರಿಗೆ ಫೋನು ಮಾಡಿ ಅವ್ವನಿಗೆ ವಿಷಯ ಹೇಳಿದೆ. ಅವಳು ಮೊದಲು ಕೇಳಿದ್ದು, "ಒಬ್ಬಾಕೇ ಅದಿಯೇನು?" ಎಂದು. ಎರಡನೆಯದು, "ಅಲ್ಲೇನು ಛತ್ರ ಐತೇನು?"

ನಗು ಬಂತು. ಆಮೇಲೆ ನಿದ್ದೆ ಬರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಛತ್ರಗಳು ಮತ್ತು ದಾರಿಬಂಗಲೆಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನನಗೆ ಈ ಪ್ರಶ್ನೆ ಮೊದಲೇ ಹೊಳೆಯಬೇಕಿತ್ತು. ವಿಮಾನ ನಿಲ್ದಾಣದ ಹೋಟೆಲಿಗೂ ಒಂದು ಚರಿತ್ರೆ ಇದೆ. ಅದು ನಾವು ಅಂದುಕೊಂಡಷ್ಟು ಹೊಸದಲ್ಲ, ಬಳ್ಳಾರಿಯಿಂದ ಅಷ್ಟು ದೂರದ್ದೂ ಅಲ್ಲ.

*

ಕನ್ನಡದಲ್ಲಿ 'ಮಜಲು' ಎಂಬ ಮಾತಿದೆ. ಈಗ ನಾವದನ್ನು 'ಹಂತ' ಎಂಬ ಅರ್ಥದಲ್ಲಿ ಬಳಸುತ್ತೇವೆ. ಬದುಕಿನ ಮಜಲು, ಚಳವಳಿಯ ಮಜಲು ಎನ್ನುತ್ತೇವೆ. ಅರಬ್ಬಿ-ಫಾರಸಿಯ 'ಮಂಜಿಲ್'ನಿಂದ ಬಂದ ಈ ಪದಕ್ಕೆ ಮೊದಲಿದ್ದ ಅರ್ಥ ಒಂದು ದಿನದ ದಾರಿ, ಆ ದಾರಿ ಮುಗಿದಲ್ಲಿ ಬೀಡುಬಿಡುವ ತಾಣ. ದೂರವನ್ನು ಮೈಲಿಯಲ್ಲಿ ಅಳೆಯುವ ಮೊದಲು ಜನ ರಾತ್ರಿಗಳಲ್ಲಿ ಅಳೆಯುತ್ತಿದ್ದರು. ಆ ಊರಿಗೆ ಮೂರು ಮಜಲು ಎಂದರೆ ನಡುವೆ ಎರಡು ರಾತ್ರಿ ಎಲ್ಲೋ ತಲೆಯಿಡಬೇಕು ಎಂದೇ ಅರ್ಥ.

ಹಾಗೆ ತಲೆಯಿಡುವ ಜಾಗಕ್ಕೆ ನಮ್ಮಲ್ಲಿ ಬಹಳ ಹೆಸರುಗಳಿವೆ. ಶಾಸನಗಳಲ್ಲಿ ಸತ್ರಗಳಿಗೆ, ಅರವಟ್ಟಿಗೆಗಳಿಗೆ ಭೂಮಿ ಬಿಟ್ಟ ದಾಖಲೆಗಳು ಸಿಗುತ್ತವೆ. ಆಮೇಲೆ ಸರಾಯಿ, ಮುಸಾಫಿರಖಾನೆ, ಧರ್ಮಶಾಲೆ ಬಂದವು. ಕಂಪನಿ ಸರ್ಕಾರದ ಕಾಲದಿಂದ ದಾರಿಬಂಗಲೆಗಳು ಬಂದವು. ನಮ್ಮ ತಾಲೂಕು ಊರುಗಳ 'ಟಿ.ಬಿ.', 'ಐ.ಬಿ.'ಗಳು ಅವುಗಳ ಸಂತಾನ. ರೈಲು ಬಂದ ಮೇಲೆ ನಿಲ್ದಾಣದ ಪಕ್ಕ ಛತ್ರ ಕಟ್ಟುವ ರೂಢಿ ಬೆಳೆಯಿತು. ಬೆಂಗಳೂರಿನ ರೈಲು ನಿಲ್ದಾಣದ ಬಳಿ 1903ರಲ್ಲಿ ಶುರುವಾದ ಗುಬ್ಬಿ ತೋಟದಪ್ಪನವರ ಛತ್ರ ಇದರ ಪ್ರಸಿದ್ಧ ಉದಾಹರಣೆ. ಗಾಡಿಯಿಂದ ಇಳಿದ ಪರಊರಿನವರಿಗೆ ನಗರದಲ್ಲಿ ಗುರುತಿನವರಿಲ್ಲದಿದ್ದರೂ ಒಂದು ರಾತ್ರಿ ಕಳೆಯಲು ಜಾಗ ಬೇಕು ಎಂಬುದು ಆ ವ್ಯಾಪಾರಿಗೆ ಹೊಳೆದಿತ್ತು.

ಈ ಎಲ್ಲ ಕಟ್ಟಡಗಳೂ ಒಂದೇ ಅಗತ್ಯಕ್ಕೆ ಉತ್ತರ. ಮನುಷ್ಯ ಮತ್ತು ಎತ್ತು ದಣಿಯುತ್ತವೆ, ಕತ್ತಲಾಗುತ್ತದೆ, ಕತ್ತಲಲ್ಲಿ ದಾರಿ ಅಪಾಯ. ವಿಮಾನ ಬಂದಾಗ ಈ ಅಗತ್ಯ ಇಲ್ಲವಾಗಬೇಕಿತ್ತಲ್ಲ? ಆಗಲಿಲ್ಲ. ಆರಂಭದ ವಿಮಾನಗಳು ಈ ವಿಷಯದಲ್ಲಿ ಎತ್ತಿನ ಗಾಡಿಗೇ ಹತ್ತಿರವಾಗಿದ್ದವು.

*

ಲಂಡನ್ನಿನಿಂದ ಭಾರತಕ್ಕೆ ಮೊದಲ ನಿಯತ ವಿಮಾನ ಸೇವೆಯನ್ನು ಇಂಪೀರಿಯಲ್ ಏರ್‌ವೇಸ್ ಕಂಪನಿ 1929ರ ಮಾರ್ಚ್ 30ರಂದು ಆರಂಭಿಸಿತು. ಕೊನೆಯ ನಿಲ್ದಾಣ ಕರಾಚಿ. ಪ್ರಯಾಣದ ಅವಧಿ ಏಳು ದಿನ, ಟಿಕೆಟಿನ ಬೆಲೆ 130 ಪೌಂಡು. ವಿಮಾನ ಪ್ರಯಾಣ ಎನ್ನುವುದಕ್ಕಿಂತ ಅದನ್ನು ವಿಮಾನವೂ ಸೇರಿದ್ದ ಪ್ರಯಾಣ ಎನ್ನುವುದೇ ಸರಿ. ಲಂಡನ್ನಿನ ಕ್ರಾಯ್ಡನ್‌ನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ವಿಮಾನ, ಅಲ್ಲಿಂದ ಇಟಲಿಯ ಜೆನೋವಾಕ್ಕೆ ರೈಲು, ಜೆನೋವಾದಿಂದ ಅಲೆಕ್ಸಾಂಡ್ರಿಯಾಕ್ಕೆ ನೀರಿನ ಮೇಲೆ ಇಳಿಯುವ ವಿಮಾನ, ಅಲ್ಲಿಂದ ಕೈರೋಗೆ ಮತ್ತೆ ರೈಲು, ಆಮೇಲೆ ಬಾಗ್ದಾದ್, ಬಸ್ರಾ ದಾಟಿ ಪರ್ಷಿಯಾದ ಕರಾವಳಿಗುಂಟ ಕರಾಚಿಗೆ ಇನ್ನೊಂದು ವಿಮಾನ. ಹಗಲು ಹಾರಾಟ, ರಾತ್ರಿ ಬೀಡು. ಅಂದರೆ ಮಜಲುಗಳ ಪ್ರಯಾಣವೇ.

1935ರಲ್ಲಿ ಈ ದಾರಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ವರೆಗೆ ಪ್ರಯಾಣಿಕರಿಗೆ ತೆರೆದುಕೊಂಡಾಗ ಅವಧಿ ಹನ್ನೆರಡೂವರೆ ದಿನಗಳಾಯಿತು. ಅಷ್ಟು ರಾತ್ರಿಗಳಿಗೆ ಅಷ್ಟು ತಂಗುದಾಣ ಬೇಕು. ನಗರಗಳಿದ್ದ ಕಡೆ ಹೋಟೆಲುಗಳಿದ್ದವು. ಮರುಭೂಮಿಯಲ್ಲಿ ಕಂಪನಿಯೇ ಏರ್ಪಾಡು ಮಾಡಬೇಕಿತ್ತು. ಇರಾಕಿನ ಮರುಭೂಮಿಯ ರುತ್ಬಾ ಎಂಬಲ್ಲಿ ಬಾವಿಗಳ ಬಳಿಯ ಕೋಟೆಯೊಂದು ವಿಮಾನ ಪ್ರಯಾಣಿಕರ ವಿಶ್ರಾಂತಿ ಗೃಹವಾಯಿತು. ಒಂಟೆಯ ಸಾಲುಗಳಿಗೆ ನೀರು ಕೊಡುತ್ತಿದ್ದ ತಾಣವೇ ವಿಮಾನಕ್ಕೂ ತಾಣವಾದದ್ದು ಆಕಸ್ಮಿಕವಲ್ಲ. ಮರುಭೂಮಿಯಲ್ಲಿ ನೀರಿದ್ದಲ್ಲೇ ಮಜಲು.

ಇದಕ್ಕಿಂತ ಕುತೂಹಲದ ಕಥೆ ಶಾರ್ಜಾದ್ದು. ಪರ್ಷಿಯಾ ತನ್ನ ಕರಾವಳಿಯ ಮೇಲೆ ಹಾರುವ ಅನುಮತಿಯನ್ನು ಮುಂದುವರಿಸದೆ ಹೋದಾಗ ಇಂಪೀರಿಯಲ್ ಏರ್‌ವೇಸ್ ಕೊಲ್ಲಿಯ ಈಚೆಯ ದಡ ಹುಡುಕಬೇಕಾಯಿತು. 1932ರ ಜುಲೈನಲ್ಲಿ ಶಾರ್ಜಾದ ಆಡಳಿತಗಾರ ಶೇಖ್ ಸುಲ್ತಾನ್ ಬಿನ್ ಸಕ್ರ್ ಅಲ್ ಖಾಸಿಮಿ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ಅಕ್ಟೋಬರಿನಲ್ಲಿ ಮೊದಲ ವಿಮಾನ ಅಲ್ಲಿನ ಮರಳ ನೆಲದ ಮೇಲೆ ಇಳಿಯಿತು. ಒಪ್ಪಂದದ ಪ್ರಕಾರ ಕಂಪನಿಯ ಪ್ರಯಾಣಿಕರಿಗಾಗಿ ಒಂದು ತಂಗುದಾಣ ಕಟ್ಟಲಾಯಿತು. ನೋಡಲು ಅದು ಹೋಟೆಲಿನಂತಿರದೆ ಸಣ್ಣ ಕೋಟೆಯಂತಿತ್ತು. ಸುತ್ತಲಿನ ಬುಡಕಟ್ಟುಗಳಿಂದ ದಾಳಿಯಾದೀತೆಂಬ ಭಯವಿತ್ತು, ಕಾವಲಿಗೆ ಶೇಖರ ಬಂದೂಕುಧಾರಿಗಳಿದ್ದರು. ಬಾಡಿಗೆಯ ಲೆಕ್ಕ ರೂಪಾಯಿಯಲ್ಲಿ. ಆಗ ಕೊಲ್ಲಿಯ ಈ ಸಣ್ಣ ಸಂಸ್ಥಾನಗಳಲ್ಲಿ ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿ, ಅವುಗಳ ಮೇಲಿನ ಬ್ರಿಟಿಷ್ ಉಸ್ತುವಾರಿ ನಡೆಯುತ್ತಿದ್ದದ್ದೂ ಭಾರತ ಸರ್ಕಾರದ ಮೂಲಕ.

ಈಗ ಆ ಕಟ್ಟಡ 'ಅಲ್ ಮಹತ್ತಾ' ಎಂಬ ವಸ್ತುಸಂಗ್ರಹಾಲಯ. ಮಹತ್ತಾ ಎಂದರೆ ಅರಬ್ಬಿಯಲ್ಲಿ ನಿಲ್ದಾಣ. ಹಳೆಯ ರನ್‌ವೇ ಇದ್ದ ಜಾಗದಲ್ಲಿ ಇಂದು ಊರ ನಡುವಿನ ರಸ್ತೆ ಇದೆ. ಕೊಲ್ಲಿಯ ವಿಮಾನ ಯುಗ ತೈಲದಿಂದ ಶುರುವಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಶಾರ್ಜಾದ ಮಟ್ಟಿಗೆ ಅದು ಶುರುವಾದದ್ದು ಭಾರತಕ್ಕೆ ಹೋಗುವವರು ರಾತ್ರಿ ಮಲಗಲು ಬೇಕಾಗಿದ್ದ ಒಂದು ಮನೆಯಿಂದ. ಇಂದು ಆ ಭಾಗದ ದೊಡ್ಡ ನಿಲ್ದಾಣಗಳು ಪೂರ್ವ-ಪಶ್ಚಿಮದ ಪ್ರಯಾಣಿಕರನ್ನು ಇಳಿಸಿ ಹತ್ತಿಸಿಯೇ ಬದುಕುತ್ತವೆ. ತೊಂಬತ್ತು ವರ್ಷಗಳಲ್ಲಿ ಕಟ್ಟಡಗಳ ಗಾತ್ರ ಬದಲಾಗಿದೆ. ಮಾಡುವ ಕೆಲಸ ಅದೇ.

*

ಶಾರ್ಜಾದಲ್ಲಿ ಮೊದಲ ವಿಮಾನ ಇಳಿದ ಅದೇ ತಿಂಗಳು, 1932ರ ಅಕ್ಟೋಬರ್ 15ರಂದು, ಜೆ.ಆರ್.ಡಿ. ಟಾಟಾ ಪಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಹೊರಟರು. ಹೊತ್ತದ್ದು ಟಪಾಲು, ಇಂಪೀರಿಯಲ್ ಏರ್‌ವೇಸ್ ಕರಾಚಿಯವರೆಗೆ ತಂದ ಕಾಗದಗಳನ್ನು ದಕ್ಷಿಣಕ್ಕೆ ಮುಟ್ಟಿಸುವುದೇ ಆ ಸೇವೆಯ ಉದ್ದೇಶ. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲಿನ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಮಧ್ಯಾಹ್ನದ ಹೊತ್ತಿಗೆ ಮುಂಬಯಿಯ ಜುಹೂ. ಅಲ್ಲಿಂದ ಚೀಲಗಳನ್ನು ಹೊತ್ತು ಮದರಾಸಿನತ್ತ ಹಾರಿದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಬ್ರಿಟಿಷ್ ವಾಯುಪಡೆಯಲ್ಲಿದ್ದವರು. ನಡುವಿನ ನಿಲ್ದಾಣ ಬಳ್ಳಾರಿ.

ಭಾರತದ ನಾಗರಿಕ ವಿಮಾನಯಾನದ ಆರಂಭದ ದಾರಿಗಳಲ್ಲೊಂದರ ಮೇಲೆ ನಮ್ಮೂರಿನ ಹೆಸರು ಇದ್ದದ್ದು ನನಗೆ ತಿಳಿದದ್ದು ಎಂ.ಎ. ಓದುವಾಗ. ಊರಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಆಗ ಬಳ್ಳಾರಿ ಮದರಾಸು ಪ್ರಾಂತ್ಯದ ಜಿಲ್ಲೆ, ದಂಡಿನ ಊರು. ಮುಂಬಯಿ-ಮದರಾಸುಗಳ ನಡುವೆ ಗೆರೆ ಎಳೆದರೆ ಹೆಚ್ಚುಕಡಿಮೆ ಮಧ್ಯದಲ್ಲಿ ಬೀಳುತ್ತದೆ. ಗಂಟೆಗೆ ನೂರು ಮೈಲಿಯ ಆಸುಪಾಸಿನ ವೇಗದ ವಿಮಾನ ಮಧ್ಯಾಹ್ನ ಮುಂಬಯಿ ಬಿಟ್ಟರೆ ಬಳ್ಳಾರಿಗೇ ಸಂಜೆಯಾಗುತ್ತದೆ. ರಾತ್ರಿ ಹಾರಲು ನೆಲದ ಮೇಲೆ ದೀಪಗಳಿಲ್ಲ, ರೇಡಿಯೋ ಮಾರ್ಗದರ್ಶನ ಇಲ್ಲ. ಹಾಗಾಗಿ ವಿಮಾನ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದರಾಸು ಮುಟ್ಟಿತು.

ಆ ಟಪಾಲು ಚೀಲಗಳ ಬಗ್ಗೆ ಯೋಚಿಸುತ್ತೇನೆ. ಲಂಡನ್ನಿನಲ್ಲಿ ಅಂಚೆಗೆ ಬಿದ್ದ ಒಂದು ಕಾಗದ ಮದರಾಸಿನ ಮನೆಯೊಂದಕ್ಕೆ ಬರುವಾಗ ದಾರಿಯಲ್ಲಿ ಹಲವು ರಾತ್ರಿ ಮಲಗುತ್ತಿತ್ತು. ಕೊಲ್ಲಿಯ ದಡದ ಕೋಟೆ ಅದರ ಒಂದು ಮಜಲಾದರೆ ಬಳ್ಳಾರಿಯ ಬಯಲು ಇನ್ನೊಂದು. ಟಾಟಾ ಸೇವೆ ಮೊದಲ ವರ್ಷದಲ್ಲಿ 1,60,000 ಮೈಲಿ ಹಾರಿತು. ಹತ್ತು ಟನ್ನಿನಷ್ಟು ಟಪಾಲಿನ ಜೊತೆ ಹೊತ್ತ ಪ್ರಯಾಣಿಕರು ಇಡೀ ವರ್ಷಕ್ಕೆ 155 ಮಂದಿ. ನಾನು ಆ ರಾತ್ರಿ ಇದ್ದ ನಿಲ್ದಾಣದಲ್ಲಿ ಒಂದು ವಿಮಾನಕ್ಕೆ ಕಾಯುತ್ತಿದ್ದವರ ಸಾಲೇ ಅದಕ್ಕಿಂತ ಉದ್ದವಿತ್ತು.

*

ಇದೇ ಹೊತ್ತಿಗೆ ಅಮೆರಿಕದಲ್ಲಿ ವಿಮಾನ ನಿಲ್ದಾಣಕ್ಕೆಂದೇ ಹೋಟೆಲು ಕಟ್ಟುವ ಯೋಚನೆ ಬಂದಿತ್ತು. ಹೆನ್ರಿ ಫೋರ್ಡ್ ತನ್ನ ವಿಮಾನ ನಿಲ್ದಾಣದ ಎದುರಿಗೆ 1931ರಲ್ಲಿ ಡಿಯರ್‌ಬಾರ್ನ್ ಇನ್ ಎಂಬ ಹೋಟೆಲು ತೆರೆದ. ಅಲ್ಲಿಂದ ನಾಲ್ಕು ವರ್ಷಕ್ಕೆ ಪ್ಯಾನ್ ಅಮೆರಿಕನ್ ಕಂಪನಿ ಪೆಸಿಫಿಕ್ ಸಾಗರ ದಾಟಲು ಹೊರಟಾಗ ಸಮಸ್ಯೆ ಇನ್ನೂ ದೊಡ್ಡದಿತ್ತು: ದಾರಿಯಲ್ಲಿ ಊರೇ ಇಲ್ಲ. ಮಿಡ್‌ವೇ ಮತ್ತು ವೇಕ್ ಎಂಬ ಹವಳದ ದ್ವೀಪಗಳಿಗೆ ಕಂಪನಿ 1935ರಲ್ಲಿ ಹಡಗಿನಲ್ಲಿ ಸಾಮಾನು ಸಾಗಿಸಿ ತಂಗುದಾಣ ಕಟ್ಟಿತು. ವೇಕ್ ದ್ವೀಪದಲ್ಲಿ ಕುಡಿಯುವ ನೀರಿನ ಸೆಲೆ ಇರಲಿಲ್ಲ, ಮಳೆನೀರು ಹಿಡಿದಿಡಬೇಕು. ಮಣ್ಣು ಸರಿಯಿಲ್ಲವೆಂದು ತರಕಾರಿಯನ್ನು ಮಣ್ಣಿಲ್ಲದೆ ಪೋಷಕಾಂಶದ ನೀರಿನಲ್ಲಿ ಬೆಳೆದರು. ಒಂದು ರಾತ್ರಿ ತಂಗುವ ಕೆಲವೇ ಶ್ರೀಮಂತರ ತಟ್ಟೆಗೆ ತಾಜಾ ತರಕಾರಿ ಬೇಕಿತ್ತು.

ಆ ಹೋಟೆಲಿನಲ್ಲಿ ಅಡುಗೆ, ಬಡಿಸುವುದು, ಹಾಸಿಗೆ ಹಾಸುವುದು ಮಾಡುತ್ತಿದ್ದವರು ಗುವಾಮ್ ದ್ವೀಪದ ಚಮೊರೊ ಜನ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿಯಾದ ಕೆಲವೇ ಗಂಟೆಗಳಲ್ಲಿ ಜಪಾನಿನ ವಿಮಾನಗಳು ವೇಕ್ ಮೇಲೂ ಬಾಂಬು ಹಾಕಿದವು. ಹೋಟೆಲು ನಾಶವಾಯಿತು. ಅಲ್ಲಿ ನಿಂತಿದ್ದ ಕಂಪನಿಯ 'ಫಿಲಿಪೈನ್ ಕ್ಲಿಪ್ಪರ್' ವಿಮಾನ ಗುಂಡೇಟಿನ ತೂತುಗಳಿದ್ದರೂ ಹಾರುವ ಸ್ಥಿತಿಯಲ್ಲಿತ್ತು. ಅದು ಪ್ರಯಾಣಿಕರನ್ನೂ ಕಂಪನಿಯ ಬಿಳಿಯ ನೌಕರರನ್ನೂ ಹತ್ತಿಸಿಕೊಂಡು ಹೊರಟುಹೋಯಿತು. ಅದೇ ಕಂಪನಿಯ ಚಮೊರೊ ನೌಕರರನ್ನು ಹತ್ತಿಸಿಕೊಳ್ಳಲಿಲ್ಲ. ಅವರಲ್ಲಿ ಕೆಲವರು ಆ ದಾಳಿಯಲ್ಲೇ ಸತ್ತಿದ್ದರು. ಉಳಿದವರು ಡಿಸೆಂಬರ್ 23ರಂದು ದ್ವೀಪ ಜಪಾನಿನ ವಶವಾದಾಗ ಸೆರೆಯಾದರು.

ತಂಗುದಾಣದ ಚರಿತ್ರೆ ಬರೆಯುವಾಗ ನಾವು ಸಾಮಾನ್ಯವಾಗಿ ಕಟ್ಟಿಸಿದವರ ಹೆಸರು ಬರೆಯುತ್ತೇವೆ, ತಂಗಿದವರ ದಿನಚರಿ ಓದುತ್ತೇವೆ. ರಾತ್ರಿಯೆಲ್ಲ ಎಚ್ಚರವಿದ್ದು ಅದನ್ನು ನಡೆಸಿದವರ ಕಡೆಗೆ ಮತ್ತು ಬಾಗಿಲಲ್ಲೇ ತಡೆಯಲ್ಪಟ್ಟವರ ಕಡೆಗೆ ಕಣ್ಣು ಹೋಗುವುದು ಕಡಿಮೆ.

*

ಬಾಗಿಲ ಮಾತು ಬಂದಾಗ ಅಂಬೇಡ್ಕರ್ ನೆನಪಾಗದಿರಲು ಸಾಧ್ಯವಿಲ್ಲ. ವಿದೇಶದಲ್ಲಿ ಓದಿ ಬರೋಡಾ ಸಂಸ್ಥಾನದ ನೌಕರಿಗೆ ಬಂದ ಅವರಿಗೆ ರೈಲಿನಿಂದ ಇಳಿದೊಡನೆ ಎದುರಾದ ಪ್ರಶ್ನೆ, ಎಲ್ಲಿ ತಂಗುವುದು ಎಂಬುದೇ. ಹಿಂದೂ ಹೋಟೆಲುಗಳು ಒಳಗೆ ಬಿಡುವುದಿಲ್ಲ ಎಂದು ಗೊತ್ತಿತ್ತು. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ಕೆಲವೇ ದಿನಗಳಲ್ಲಿ ದೊಣ್ಣೆ ಹಿಡಿದ ಗುಂಪೊಂದು ಬಂದು ಅವರನ್ನು ಹೊರಹಾಕಿತು. ಮುಂಬಯಿಯ ರಾತ್ರಿ ರೈಲಿಗೆ ಕಾಯುತ್ತ ಅವರು ಸಾರ್ವಜನಿಕ ಉದ್ಯಾನದಲ್ಲಿ ಕುಳಿತಿರಬೇಕಾಯಿತು. 1930ರ ದಶಕದಲ್ಲಿ ಇದನ್ನೂ ಇಂಥ ಇತರ ಅನುಭವಗಳನ್ನೂ ಅವರು ಇಂಗ್ಲಿಷಿನಲ್ಲಿ ಬರೆದಿಟ್ಟರು. ಆ ಬರಹ 'ವೀಸಾಕ್ಕಾಗಿ ಕಾಯುತ್ತ' ಎಂಬ ಅರ್ಥದ ಹೆಸರಿನಿಂದ ಪ್ರಸಿದ್ಧ.

ಆ ಹೆಸರನ್ನು ನಾನು ಬಹಳ ದಿನ ರೂಪಕ ಎಂದಷ್ಟೇ ಓದಿಕೊಂಡಿದ್ದೆ. ಒಬ್ಬ ಮನುಷ್ಯ ತನ್ನ ದೇಶದಲ್ಲೇ ಗಡಿ ದಾಟಲು ಅನುಮತಿ ಕೇಳಬೇಕಾದ ಸ್ಥಿತಿ ಎಂದು. ಆ ರಾತ್ರಿಯ ಮೇಲೆ ಅದು ಇನ್ನಷ್ಟು ನೇರವಾಗಿ ಅರ್ಥವಾಯಿತು. ವೀಸಾ ಎಂದರೆ ಕೊನೆಗೆ, ನೀನು ಈ ಊರಿನಲ್ಲಿ ರಾತ್ರಿ ಮಲಗಬಹುದು ಎಂಬ ಒಪ್ಪಿಗೆ. ನಮ್ಮ ಛತ್ರಗಳ ಚರಿತ್ರೆಯಲ್ಲಿ ಆ ಒಪ್ಪಿಗೆ ಜಾತಿಯನ್ನು ಕೇಳುತ್ತಿತ್ತು. ದಾರಿಬಂಗಲೆ ಹುದ್ದೆಯನ್ನು ಕೇಳುತ್ತಿತ್ತು. ಸಾಹೇಬರು ಬಂದರೆ ಮಲಗಿದ್ದವರು ಎದ್ದು ಜಾಗ ಬಿಡಬೇಕು. ಈಗಿನ ವಿಮಾನ ನಿಲ್ದಾಣ ಪಾಸ್‌ಪೋರ್ಟನ್ನೂ ಟಿಕೆಟ್ಟಿನ ಬಗೆಯನ್ನೂ ಕೇಳುತ್ತದೆ. ಇವೆಲ್ಲ ಒಂದೇ ಎಂದು ನಾನು ಹೇಳುತ್ತಿಲ್ಲ. ಟಿಕೆಟ್ಟನ್ನು ಬದಲಾಯಿಸಬಹುದು, ಜಾತಿಯನ್ನು ಬದಲಾಯಿಸಲಾಗದು. ದೊಣ್ಣೆಯನ್ನೂ ಕೌಂಟರಿನ ವಿನಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಪ್ರಯಾಣಿಕರಲ್ಲಿ ಯಾರು ನಿಜವಾದ ಪ್ರಯಾಣಿಕರು ಎಂದು ತೀರ್ಮಾನಿಸುವ ಪ್ರಶ್ನೆ ಪ್ರತಿ ತಂಗುದಾಣದ ಬಾಗಿಲಲ್ಲೂ ಇದ್ದೇ ಇದೆ.

*

ಎರಡನೇ ಮಹಾಯುದ್ಧದ ನಂತರ ನಡುದಾರಿಯ ರಾತ್ರಿ ಕರಗತೊಡಗಿತು. ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' 1948ರ ಜೂನ್ 8ರಂದು ಮುಂಬಯಿಯಿಂದ ಕೈರೋ, ಜಿನೀವಾ ಮೂಲಕ ಲಂಡನ್ನಿಗೆ ಹಾರಿದಾಗ ಪ್ರಯಾಣಿಕರು ರಾತ್ರಿಯನ್ನು ಆಕಾಶದಲ್ಲೇ ಕಳೆದರು. 1960ರಲ್ಲಿ ಏರ್ ಇಂಡಿಯಾಕ್ಕೂ ಬೋಯಿಂಗ್ 707 ಜೆಟ್ ಬಂತು. ರುತ್ಬಾ, ಶಾರ್ಜಾ, ವೇಕ್‌ಗಳಲ್ಲಿ ಯಾವ ಪ್ರಯಾಣಿಕನೂ ದಣಿವಾರಿಸಿಕೊಳ್ಳಬೇಕಿರಲಿಲ್ಲ. ಒಂದು ಕಾಲಕ್ಕೆ ಪ್ರಯಾಣದ ಸಹಜ ಭಾಗವಾಗಿದ್ದ ರಾತ್ರಿ ಈಗ ಅಪಘಾತದಂತೆ ಬರುತ್ತದೆ: ತಡವಾದ ವಿಮಾನ, ಮಂಜು, ತಪ್ಪಿದ ಕೊಂಡಿ. ಸಹಜವಾಗಿದ್ದಾಗ ಅದಕ್ಕೆ ಎಲ್ಲರಿಗೂ ಹಾಸಿಗೆ ಇತ್ತು, ಏಕೆಂದರೆ ಟಿಕೆಟ್ಟಿನ ಬೆಲೆಯಲ್ಲೇ ಅದು ಸೇರಿತ್ತು. ಟಿಕೆಟು ಕೊಳ್ಳಬಲ್ಲವರೂ ಕೆಲವರೇ. ಈಗ ಕೋಟ್ಯಂತರ ಜನ ಹಾರುತ್ತಾರೆ. ರಾತ್ರಿ ಮಾತ್ರ ಯಾರ ಲೆಕ್ಕಕ್ಕೂ ಸೇರಿಲ್ಲ.

ಲೆಕ್ಕಕ್ಕೆ ಸೇರದ ರಾತ್ರಿಗಳು ಎಷ್ಟು ಉದ್ದವಾಗಬಹುದು ಎಂಬುದಕ್ಕೆ ಇರಾನಿನ ಮೆಹ್ರಾನ್ ಕರೀಮಿ ನಸ್ಸೇರಿ ಸಾಕ್ಷಿ. ಸರಿಯಾದ ಕಾಗದಪತ್ರವಿಲ್ಲದೆ ಪ್ಯಾರಿಸಿನ ಷಾರ್ಲ್ ದ ಗೋಲ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡ ಅವರು 1988ರಿಂದ 2006ರವರೆಗೆ ಅಲ್ಲಿಯೇ ಒಂದು ಬೆಂಚಿನ ಮೇಲೆ ಬದುಕಿದರು. ನಡುವೆ ಕಾಗದಗಳು ಸಿಗುವಂತಾದಾಗಲೂ ಹೊರಗೆ ಹೋಗಲಿಲ್ಲ. 2022ರ ನವೆಂಬರಿನಲ್ಲಿ, ಮತ್ತೆ ಅಲ್ಲಿಗೇ ಮರಳಿ ಕೆಲವು ವಾರಗಳಾದ ಮೇಲೆ, ಅದೇ ನಿಲ್ದಾಣದಲ್ಲಿ ಸತ್ತರು.

*

ಬೆಳಗಿನ ನಾಲ್ಕೂವರೆಗೆ ಹೋಟೆಲಿನಿಂದ ಹೊರಟೆ. ಕೋಣೆಯ ಕೀಲಿ ತೆಗೆದುಕೊಂಡ ಹುಡುಗ ನೇಪಾಳದವನು. ರಾತ್ರಿಯೆಲ್ಲ ನಿಂತೇ ಇದ್ದ. ಆ ದೇಶದ ಯಾವ ಮುದ್ರೆಯೂ ನನ್ನ ಪಾಸ್‌ಪೋರ್ಟಿನ ಮೇಲೆ ಬಿದ್ದಿರಲಿಲ್ಲ. ಗಡಿಯ ದಫ್ತರದ ಪ್ರಕಾರ ನಾನು ಅಲ್ಲಿ ಮಲಗಿಯೇ ಇಲ್ಲ. ಚರಿತ್ರೆ ಓದುವವಳಿಗೆ ಇದು ವಿಚಿತ್ರ ಅನುಭವ.

ಕುಂದಾಪುರದವರನ್ನು ಹುಡುಕಿದೆ. ಸಾಲು ಕುರ್ಚಿಗಳಿಗೆ ನಡುವೆ ಕಬ್ಬಿಣದ ಕೈಗಳಿದ್ದವು, ಯಾರೂ ಅಡ್ಡ ಮಲಗಬಾರದೆಂದು. ಹಾಗಾಗಿ ಜನ ಕುರ್ಚಿಗಳ ಹಿಂದೆ ನೆಲದ ಮೇಲೆ ಮಲಗಿದ್ದರು. ಅವರು ರಟ್ಟಿನ ಪೆಟ್ಟಿಗೆಗೆ ತಲೆಯಿಟ್ಟು, ಒಂದು ಕೈಯನ್ನು ಬ್ಯಾಗಿನ ಪಟ್ಟಿಗೆ ಸುತ್ತಿಕೊಂಡು ನಿದ್ದೆಯಲ್ಲಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ಹೋಟೆಲಿನವರು ಕೊಟ್ಟಿದ್ದ ತಿಂಡಿಯ ಪೊಟ್ಟಣವನ್ನು ಪಕ್ಕದಲ್ಲಿಟ್ಟು ಬಂದೆ. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ ಎಂಬುದನ್ನೂ ಹೇಳಬೇಕು. ಕೋಣೆಯಲ್ಲಿ ಎರಡು ಮಂಚಗಳಿದ್ದವು.

ಊರಿಗೆ ಬಂದ ಮೇಲೆ ನನ್ನ ಪ್ರಬಂಧದ ಮೂರನೆಯ ಅಧ್ಯಾಯವನ್ನು ಮತ್ತೆ ಓದಿದೆ. ನಾನು ನೋಡಿದ ಛತ್ರಗಳ ಲೆಕ್ಕಪತ್ರಗಳಲ್ಲಿ ಎಷ್ಟು ಜನ ಉಂಡರು, ಎಷ್ಟು ಅಕ್ಕಿ, ಎಷ್ಟು ಎಣ್ಣೆ ಖರ್ಚಾಯಿತು ಎಂಬುದೆಲ್ಲ ಇದೆ. ನಾನೂ ಅದನ್ನೇ ಕೋಷ್ಟಕಗಳಾಗಿ ಜೋಡಿಸಿ ಹೆಮ್ಮೆಪಟ್ಟಿದ್ದೆ. ಬಾಗಿಲಿನಿಂದ ವಾಪಸು ಹೋದವರಿಗೆ ಆ ಲೆಕ್ಕದಲ್ಲಿ ಕಲಮು ಇಲ್ಲ. ಅವರು ಆ ರಾತ್ರಿ ಎಲ್ಲಿ ಮಲಗಿದರು ಎಂಬುದನ್ನು ಹುಡುಕಬೇಕಾದರೆ ಛತ್ರದ ದಫ್ತರ ಬಿಟ್ಟು ಬೇರೆ ಕಡೆ ಹೋಗಬೇಕು: ಅರ್ಜಿಗಳಿಗೆ, ಪೊಲೀಸು ದಾಖಲೆಗಳಿಗೆ, ಆತ್ಮಕಥೆಗಳಿಗೆ, ಮನೆಗಳಲ್ಲಿ ಉಳಿದ ನೆನಪುಗಳಿಗೆ. ಅಧ್ಯಾಯವನ್ನು ಈಗ ಅಲ್ಲಿಂದ ಶುರುಮಾಡಿದ್ದೇನೆ. ಮಾರ್ಗದರ್ಶಕರು ಇದರಿಂದ ಇನ್ನೊಂದು ವರ್ಷ ತಡವಾಗುತ್ತದೆ ಎಂದಿದ್ದಾರೆ. ಆಗಲಿ.